ಗುರುಸಿದ್ಧನ ಓವರ್‌ಕ್ಲಾಕು

ಎಲ್ಲ ಅನರ್ಥಕ್ಕೂ ಮೂಲ ಒಂದೇ ಒಂದು ಶಬ್ದ. ಅದನ್ನು ಗುರುವಾರ ಬೆಳಿಗ್ಗೆ ಚಹಾದ ಹೊತ್ತಿಗೆ ಗುರುಸಿದ್ಧನ ಕಿವಿಗೆ ಹಾಕಿದವನು ಅವನ ಹೆಂಡತಿಯ ತಮ್ಮ ರೋಹನ. ಕಂಪ್ಯೂಟರ್ ರಿಪೇರಿಯ ಕೋರ್ಸನ್ನು ಅರ್ಧಕ್ಕೆ ಬಿಟ್ಟವನಾದ್ದರಿಂದ ಅವನ ತಿಳಿವಳಿಕೆ ಅರ್ಧ ಇತ್ತು, ಧೈರ್ಯ ಮಾತ್ರ ಪೂರ್ತಿ ಇತ್ತು.

"ದಾಜಿ, ಕಂಪನಿಯವರು ಮಷೀನಿನ ಪೂರಾ ಜೋರು ಹೊರಗ ಬಿಡಂಗಿಲ್ರಿ. ಒಳಗ ಹಿಡದ ಇಟ್ಟಿರ್ತಾರ. ಸೆಟ್ಟಿಂಗ್‌ದಾಗ ಹೋಗಿ ಓವರ್‌ಕ್ಲಾಕ್ ಮಾಡಿಬಿಟ್ರ ಆತು, ಬಿಟ್ಟ ಕುದರಿಗತೆ ಓಡ್ತದ."

ಗುರುಸಿದ್ಧ ಬಿಸ್ಕೀಟನ್ನು ಚಹಾದಲ್ಲಿ ಅದ್ದಿದ್ದವನು ಎತ್ತುವುದನ್ನೇ ಮರೆತ. ಬಿಸ್ಕೀಟು ಕರಗಿ ತಳ ಸೇರಿತು.

"ನಮ್ಮ ಡಬ್ಬಿನೂ ಓಡ್ತದೇನೋ?"

"ಯಾಕ ಓಡಂಗಿಲ್ರಿ? ಹಳೇದಿದ್ರೂ ಡೆಸ್ಕ್‌ಟಾಪ್ ಹೌದಿಲ್ಲೋ?"

ಗುರುಸಿದ್ಧನ ಮನೆ ಸೋಲಾಪುರದಲ್ಲಿ, ನೌಕರಿ ಅಕ್ಕಲಕೋಟದಲ್ಲಿ. ಅಲ್ಲಿನ ಕುರಿ ಸಾಕಣೆದಾರರ ಸಹಕಾರಿ ಸಂಘದ ಶಾಖೆಯಲ್ಲಿ ಅವನು ಗುಮಾಸ್ತ. ತಾಲೂಕಿನ ಯಾವ ಊರಿನ ಯಾರ ಕುರಿಗೆ ಲಸಿಕೆ ಆಗಿದೆ, ಅದರ ಕಿವಿಯ ಬಿಲ್ಲೆಯ ನಂಬರು ಯಾವುದು ಎಂಬುದನ್ನು ಕಂಪ್ಯೂಟರಿಗೆ ತುಂಬಿಸುವುದು ಅವನ ಕೆಲಸ. ಆ ಕಂಪ್ಯೂಟರು ಶಾಖೆ ತೆರೆದಾಗ ಕೊಂಡದ್ದು. ಕಂಪನಿಯೇ ಜೋಡಿಸಿ, ಮುಚ್ಚಿ, ತಿರುಪು ಬಿಗಿದು ಕಳಿಸಿದ ಕರೀ ಡಬ್ಬಿ. ಅದರ ನಡಿಗೆ ತುಂಬಿದ ಗಬ್ಬದ ಕುರಿಯದು. ಹನ್ನೂರಿನ ಯಾರದೋ ಹೆಸರು ಒತ್ತಿ, ಚಹಾ ಕುಡಿದು, ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದರೂ ಪರದೆಯ ಮೇಲೆ ಹೆಸರು ಬಂದಿರುತ್ತಿತ್ತು, ಊರು ಬಂದಿರುತ್ತಿರಲಿಲ್ಲ. ಊರು ಬರುವಷ್ಟರಲ್ಲಿ ಆ ಕುರಿ ದುಧನಿಯ ಸಂತೆಯಲ್ಲಿ ಇನ್ನೊಬ್ಬನ ಪಾಲಾಗಿರುತ್ತಿತ್ತು. ಈ ನಡಿಗೆಗೆ ತಕ್ಕಂತೆ ಗುರುಸಿದ್ಧ ಎಲ್ಲರಿಗಿಂತ ಮೊದಲು ಕಚೇರಿಗೆ ಬರಬೇಕು, ಎಲ್ಲರೂ ಹೋದ ಮೇಲೆ ಬಸ್ಸು ಹಿಡಿಯಬೇಕು.

ಸೋಲಾಪುರದ ಮುಖ್ಯ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಮನೆಯಿಂದ ಚಪ್ಪಲಿ ಸವೆಯದಷ್ಟು ಹತ್ತಿರ. ಸಂಘದ ಮ್ಯಾನೇಜರ್ ಶಾಂತಲಿಂಗಪ್ಪ ಸಾಹೇಬರು ಹೋದ ಸಲ ಬಂದಾಗ, "ಮುಂದಿನ ಗುರುವಾರ ನಾ ಬರೂದ್ರಾಗ ತಾಲೂಕಿನ ಕುರಿ ಯಾದಿ ಪೂರಾ ಛಾಪಿಸಿ ಕೈಯಾಗ ಕೊಡು. ಆ ಕುರ್ಚಿ ವಿಚಾರ ಆಮ್ಯಾಲ ಮಾಡೋಣು" ಎಂದಿದ್ದರು. ಆ ಗುರುವಾರ ಇವತ್ತೇ.

ಆ ಕುರ್ಚಿ ಅವನಿಗೆ ದೊಡ್ಡಸ್ತಿಕೆಗೆ ಬೇಕಾಗಿರಲಿಲ್ಲ. ಮಗಳು ಶ್ರೀಲೇಖಾ ಶಾಲೆಯಲ್ಲಿ ಒಂದನೆಯ ಇಯತ್ತೆ. ಅವನು ಮನೆ ಬಿಡುವಾಗ ಅವಳು ಮಲಗಿರುತ್ತಿದ್ದಳು, ತಿರುಗಿ ಬಂದಾಗಲೂ ಮಲಗಿರುತ್ತಿದ್ದಳು. ಹೋದ ವಾರ ಅವಳು ಗೆಳತಿಯ ಮುಂದೆ, "ನಮ್ಮಪ್ಪ ರವಿವಾರಕ್ಕೊಮ್ಮೆ ಬರ್ತಾನ" ಎಂದು ಯಾರೋ ಪಾವಣೆಯವರ, ಬಂದು ಹೋಗುವ ನೆಂಟರ ಸುದ್ದಿ ಹೇಳಿದ ಹಾಗೆ ಹೇಳಿದ್ದನ್ನು ಅವನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದ. ಅಂದಿನಿಂದ ಅವನಿಗೆ ಊಟ ರುಚಿಸಿರಲಿಲ್ಲ.

ಗುರುವಾರವೆಂದರೆ ಅಕ್ಕಲಕೋಟದ ಬಸ್ಸಿನಲ್ಲಿ ಸ್ವಾಮಿಗಳ ದರ್ಶನಕ್ಕೆ ಹೋಗುವವರ ನೂಕುನುಗ್ಗಲು. ಅಂದು ಗುರುಸಿದ್ಧ ಒಂದೇ ಕಾಲ ಮೇಲೆ ನಿಂತು ಬಂದರೂ ಅವನ ಮುಖದಲ್ಲಿ ಕಳೆ ಇತ್ತು. ಕಚೇರಿಗೆ ಬಂದವನೇ ತೋಳು ಮಡಚಿ ಘೋಷಿಸಿಬಿಟ್ಟ.

"ಇವತ್ತ ಡಬ್ಬಿ ಓವರ್‌ಕ್ಲಾಕ್ ಮಾಡಾಂವ ಇದ್ದೀನಿ."

ಘೋಷಿಸಬಾರದಿತ್ತು. ಸುಮ್ಮನೆ ಮಾಡಬೇಕಾದ ಕೆಲಸವನ್ನು ಹೇಳಿ ಮಾಡುವ ಚಟ ಅವನಿಗೆ ಮೊದಲಿನಿಂದಲೂ ಇತ್ತು. ಪಕ್ಕದ ಮೇಜಿನ ಅಂಬಾದಾಸ ಆ ಕ್ಷಣವೇ ತನ್ನ ಕುರ್ಚಿ ಎಳೆದುಕೊಂಡು ಬಂದ. ತನಗೆ ಗೊತ್ತಿಲ್ಲದ ಕೆಲಸದಲ್ಲಿ ಸಲಹೆ ಕೊಡುವುದರಲ್ಲಿ ಅಂಬಾದಾಸನನ್ನು ಮೀರಿಸುವವರು ತಾಲೂಕಿನಲ್ಲಿ ಇರಲಿಲ್ಲ.

"ಹುಷಾರ್ ರೇ. ನಮ್ಮ ಸಾಡೂ, ಹೇಣ್ತಿ ತಂಗಿ ಗಂಡ, ತನ್ನ ಮೋಟರ್‌ಸೈಕಲ್‌ಗೆ ಹಿಂಗ ಏನೋ ಮಾಡಿದ್ದ. ಈಗ ಅಂವ ಎಸ್‌ಟಿ ಬಸ್ಸಿನ್ಯಾಗ ತಿರಗ್ತಾನ."

ಟೈಪಿಸ್ಟ್ ಮನೀಷಾ ಬಾಯಿ ತಲೆ ಎತ್ತದೆಯೇ, "ಮೊದಲ ಅದನ್ನ ಒಮ್ಮೆ ಒರಸರಿ. ಮುಟ್ಟಿದ್ರ ಕೈ ಹಳದಿ ಆಗ್ತದ" ಎಂದರು. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರೋಹನ ಹೇಳಿಕೊಟ್ಟಂತೆ ಗುರುಸಿದ್ಧ ಒಂದು ಗುಂಡಿ ಒತ್ತಿ ಹಿಡಿದು ಡಬ್ಬಿ ಚಾಲೂ ಮಾಡಿದ. ನೀಲಿ ಪರದೆ ಬಂತು, ಅದರ ನಡುವೆ ಒಂದು ಬಿಳಿ ಚೌಕ. ಪಾಸ್‌ವರ್ಡ್ ಕೊಡು ಎಂದಿತು ಡಬ್ಬಿ.

ಆ ಬೀಗ ಹಾಕಿದವರು ಹಿಂದಿನ ಗುಮಾಸ್ತ ಧರ್ಮರಾಜ. ನಿವೃತ್ತರಾಗಿ ದುಧನಿಯಲ್ಲಿ ಮನೆ ಹಿಡಿದಿದ್ದರು. ಗುರುಸಿದ್ಧ ಫೋನು ಹಚ್ಚಿದ.

"ಏನ ಇಟ್ಟಿದ್ನೋ ಮಾರಾಯಾ, ಖರೇನ ನೆನಪಿಲ್ಲ," ಎಂದರು ಧರ್ಮರಾಜ. "ಆದ್ರ ಒಂದು ಹೇಳ್ತೀನಿ, ನಾ ಯಾವದಕ್ಕೂ ದೇವರ ಹೆಸರಾ ಇಡಾಂವ."

"ಯಾವ ದೇವರ್ರಿ?"

"ಆವಾಗ ಯಾರ ಮ್ಯಾಲ ಭಕ್ತಿ ಇತ್ತೋ ಅವರದು."

ಡಬ್ಬಿ ಮೂರು ಸಲ ತಪ್ಪಲು ಬಿಡುತ್ತಿತ್ತು. ಆಮೇಲೆ ಕೀಂ ಎಂದು ಕಿರುಚಿ ಬಂದಾಗುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡಬೇಕು. ಗುರುಸಿದ್ಧ ಸಿದ್ಧರಾಮನಿಂದ ಪ್ರಾರಂಭಿಸಿದ. ಆಗಲಿಲ್ಲ. ಅಂಬಾದಾಸ ತುಳಜಾಪುರದ ಭವಾನಿಯನ್ನು ಕೂಡಿಸಿದ. ಆಗಲಿಲ್ಲ. ಜವಾನ ಮೈಲಾರಲಿಂಗ ಹನ್ನೂರಿನವನು, ಮನೆತನ ಕುರಿ ಕಾಯುವುದು. ಅವನು ಟ್ರೇ ಬದಿಗಿಟ್ಟು, "ಬಿರೋಬಾಗ ಒಂದು ಚಾನ್ಸ್ ಕೊಡ್ರಿ" ಎಂದ. ಡಬ್ಬಿ ಕೀಂ ಎಂದಿತು. ಅಷ್ಟರಲ್ಲಿ ಕುಡಿಯುವ ನೀರು ಕೇಳಲು ಬಂದ ಯಾತ್ರಿಕರೂ ಸುತ್ತ ಸೇರಿದರು. ಲಾತೂರಿನ ಒಬ್ಬ ಆಜಿ ತಮ್ಮ ಊರಿನ ದೇವಿಯ ಹೆಸರು ಹೇಳಿದಳು, ಅದನ್ನು ಹೇಗೆ ಬರೆಯುವುದೆಂದು ಅವಳಿಗೂ ಗೊತ್ತಿರಲಿಲ್ಲ, ಗುರುಸಿದ್ಧನಿಗೂ ಗೊತ್ತಿರಲಿಲ್ಲ. ತಮ್ಮ ದೇವರಿಗೆ ಪಾಳಿ ಸಿಗಲಿಲ್ಲವೆಂದು ಇಬ್ಬರು ಯಾತ್ರಿಕರ ನಡುವೆ ಸಣ್ಣ ಮಾತೂ ಆಯಿತು. ಮೂರು ಜಿಲ್ಲೆಯ ದೇವರುಗಳು ಬಂದು ಹೋದರು, ಬೀಗ ಮಾತ್ರ ತೆರೆಯಲಿಲ್ಲ.

ಊಟದ ಹೊತ್ತು ಸಮೀಪಿಸಿತು. ಸಾಹೇಬರು ಬರುವುದು ಊಟವಾದ ಮೇಲೆ. ರೋಹನನಿಗೆ ಫೋನು ಹೋಯಿತು.

"ಸೋಪೆ ಅದರಿ ದಾಜಿ, ಭಾಳ ಸುಲಭ. ಡಬ್ಬಿ ಬಿಚ್ಚರಿ. ಒಳಗ ರೂಪಾಯಿ ನಾಣ್ಯದಂಥಾ ಒಂದು ಸೆಲ್ ಇರ್ತದ. ಅದನ್ನ ತಗದು ತಿರಗಿ ಹಾಕಿದ್ರ ಮಷೀನ್ ಎಲ್ಲಾ ಮರೀತದ. ಪಾಸ್‌ವರ್ಡೂ ಮರೀತದ."

ಬಿಚ್ಚುವ ಮಾತು ಕೇಳಿದ್ದೇ ತಡ, ಮೈಲಾರಲಿಂಗ ಡಬ್ಬಿಗೆ ಅಡ್ಡ ನಿಂತ.

"ಬ್ಯಾಡ್ರಿ ಸಾಹೇಬ್ರ. ಒಳಗ ಭಂಡಾರ ಅದ."

"ಒಳಗ?"

"ಹೌದ್ರಿ. ಪ್ರತಿ ದಸರಾಕ್ಕ ಪೂಜಿ ನಾನಾ ಮಾಡ್ತೀನಲ್ರಿ. ಮ್ಯಾಲ ಹಾಕಿದ್ರ ಮನೀಷಾ ಬಾಯಾರು ಮರುದಿನಾನ ಒರಸಿ ಬಿಡ್ತಾರ. ಅದಕ್ಕ ಹಿಂದಿನ ಕಿಂಡ್ಯಾಗಿಂದ ಒಂದೊಂದು ಮುಷ್ಟಿ ಒಳಗ ಬಿಡ್ತೀನಿ. ಅಲ್ಲಿ ಯಾರೂ ಒರಸಂಗಿಲ್ಲ ನೋಡ್ರಿ."

ತಿರುಪು ತೆಗೆದು ಮುಚ್ಚಳ ಸರಿಸಿದರೆ ಒಳಗೆ ಯಂತ್ರವೇ ಕಾಣಲಿಲ್ಲ. ದಸರೆಯಿಂದ ದಸರೆಗೆ ಬಿದ್ದ ಭಂಡಾರದ ಅರಿಶಿನ ಪುಡಿ ಧೂಳಿನ ಜೊತೆ ಕೂಡಿ ಪದರು ಪದರಾಗಿ ಕೂತಿತ್ತು. ಫ್ಯಾನಿನ ಎಲೆಗಳು ಮೆತ್ತಿಕೊಂಡು ಹೋಳಿಗೆಯ ಹೂರಣದಲ್ಲಿ ಸಿಕ್ಕ ಚಮಚದಂತೆ ನಿಂತಿದ್ದವು. ಅದರಲ್ಲಿ ಸೆಲ್ ಎಲ್ಲಿದೆಯೆಂದು ಹುಡುಕಲು ಮೊದಲು ಅರಿಶಿನ ತೆಗೆಯಬೇಕಾಗಿತ್ತು.

ರಸ್ತೆಯಾಚೆ ಕಾಮಣ್ಣನ ಪಂಕ್ಚರ್ ಅಂಗಡಿ. ಗಾಲಿಗೆ ಗಾಳಿ ಹೊಡೆಯುವ ಅವನ ಯಂತ್ರ ಗುರುಸಿದ್ಧನ ಕಣ್ಣಿಗೆ ಬಿತ್ತು. ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಟ. ಹಿಂದೆ ಅಂಬಾದಾಸ, ಅವನ ಹಿಂದೆ ಎರಡೂ ಕೈ ಮುಗಿದುಕೊಂಡು ಮೈಲಾರಲಿಂಗ, ಅವರ ಹಿಂದೆ ಯಾತ್ರಿಕರು.

"ಏನ್ ಭಾವೂ, ಟ್ಯೂಬ್‌ಲೆಸ್ ಏನು ಇದು?" ಎಂದು ಕಾಮಣ್ಣ ಕೊಳವೆ ಎತ್ತಿ ಗುಂಡಿ ಒತ್ತಿದ.

ಒಂದು ಕ್ಷಣ ರಸ್ತೆ ಮಾಯವಾಯಿತು. ಹಳದಿ ಮೋಡವೊಂದು ಎದ್ದು ಜೀಪಿನ ಮೇಲೆ, ಪೇರಲಹಣ್ಣಿನ ಗಾಡಿಯ ಮೇಲೆ, ನಿಂತವರ ತಲೆಯ ಮೇಲೆ ಇಳಿಯಿತು. ಹಿಂದೆ ಬರುತ್ತಿದ್ದವರು ಎಲ್ಲಿಯೋ ಮೈಲಾರನ ಪಾಲಕಿ ಬಂತೆಂದು ತಿಳಿದು "ಏಳಕೋಟಿಗೋ!" ಎಂದು ಕೂಗಿದರು. ಲಾತೂರಿನ ಆಜಿ ನೆಲದ ಮೇಲಿನ ಪುಡಿ ಚಿಟಿಕೆ ಹಿಡಿದು ಮೊದಲು ತನ್ನ ಹಣೆಗೆ, ಆಮೇಲೆ ಕಾಮಣ್ಣನ ಗಾಳಿ ಯಂತ್ರಕ್ಕೆ ಹಚ್ಚಿದಳು. ಮೈಲಾರಲಿಂಗನ ಕಣ್ಣಲ್ಲಿ ನೀರು ಬಂತು; ಭಕ್ತಿಗೋ ಅರಿಶಿನಕ್ಕೋ ಹೇಳುವುದು ಕಷ್ಟ.

ಸೆಲ್ ಸಿಕ್ಕಿತು. ತೆಗೆದು ಹಾಕಿದ್ದಾಯಿತು. ಡಬ್ಬಿಯನ್ನು ಮೇಜಿನ ಮೇಲೆ ಕೂಡಿಸಿ ಗುಂಡಿ ಒತ್ತಿದರೆ ನೀಲಿ ಪರದೆ ಯಾವ ದೇವರನ್ನೂ ಕೇಳದೆ ಒಳಗೆ ಬಿಟ್ಟಿತು. ಗುರುಸಿದ್ಧ ಒಂದೊಂದೇ ಪುಟ ತಿರುವಿದ. ಗಡಿಯಾರ ಇತ್ತು, ತಾರೀಖು ಇತ್ತು, ಕಂಪನಿಯ ಹೆಸರು ದೊಡ್ಡದಾಗಿ ಇತ್ತು. ವೇಗ ಹೆಚ್ಚಿಸುವ ಜಾಗ ಮಾತ್ರ ಎಲ್ಲೂ ಇರಲಿಲ್ಲ.

"ಇಲ್ಲೇನು?" ಎಂದ ರೋಹನ ಫೋನಿನಲ್ಲಿ. "ಹಂಗಾದ್ರ ಆ ಪ್ರೊಸೆಸರ್ ಲಾಕ್ ಇದ್ದದ್ದರಿ ದಾಜಿ. ಕಂಪನಿಯವರು ಅದಕ್ಕ ಬಾಗಿಲಾನ ಇಟ್ಟಿಲ್ಲ. ಯಾರಪ್ಪ ಬಂದ್ರೂ ಓವರ್‌ಕ್ಲಾಕ್ ಆಗಂಗಿಲ್ಲ."

"ಮುಂಜಾನೆ ಯಾಕ ಹೇಳಲಿಲ್ಲೋ!"

"ಮುಂಜಾನೆ ನೀವು ಕೇಳಲಿಲ್ಲಲ್ರಿ."

ಗುರುಸಿದ್ಧ ಫೋನು ಇಟ್ಟು ತಲೆಯ ಮೇಲೆ ಕೈ ಹೊತ್ತು ಕುಳಿತ. ಹೋಯಿತು ಕುರ್ಚಿ. ಶ್ರೀಲೇಖಾ ಇಯತ್ತೆಯ ಮೇಲೆ ಇಯತ್ತೆ ದಾಟಿ ಮುಂದೆ ಹೋಗುವುದು, ತಾನು ರವಿವಾರದ ಪಾವಣೆಯಾಗಿಯೇ ಉಳಿಯುವುದು ಅವನ ಕಣ್ಣ ಮುಂದೆ ಬಂತು. ಇದ್ದಷ್ಟಾದರೂ ಛಾಪಿಸೋಣವೆಂದು ಕುರಿ ಯಾದಿಯ ಮೇಲೆ ಒತ್ತಿದ, ಅಭ್ಯಾಸದಂತೆ ಚಹಾಕ್ಕೆಂದು ಎದ್ದ.

ಏಳುವಷ್ಟರಲ್ಲಿ ಯಾದಿ ತೆರೆದಿತ್ತು.

ಹನ್ನೂರು ಒತ್ತಿದ, ಹನ್ನೂರು ಬಂತು. ಊರ ಹಿಂದೆ ಊರು, ಮಂದೆ ಮಂದೆಯಾಗಿ ಕುರಿಗಳು ಪರದೆಯ ಮೇಲೆ ಓಡಿ ಬಂದವು. ಪ್ರಿಂಟರು ಕಾಗದ ಉಗುಳತೊಡಗಿತು. ಸೆಲ್ ತೆಗೆದಾಗ ತಾರೀಖು ಮರೆತಿದ್ದ ಡಬ್ಬಿ ಪ್ರತಿ ಪುಟದ ಮೇಲೂ ಬಹಳ ಹಿಂದಿನ ಯಾವುದೋ ಜನವರಿಯನ್ನು ಹಾಕುತ್ತಿತ್ತು, ಆ ಗಡಿಬಿಡಿಯಲ್ಲಿ ಅದನ್ನು ಯಾರು ನೋಡಬೇಕು.

"ಧೂಳ ಹೋತು, ಅದಕ್ಕ ಓಡಾಕತ್ಯಾದ," ಎಂದರು ಮನೀಷಾ ಬಾಯಿ. "ಒಳಗ ಗಾಳಿ ಆಡಲಿಲ್ಲಂದ್ರ ಕಾಯ್ತದ, ಕಾಯ್ದ ಮ್ಯಾಲ ನಿಲ್ತದ. ನಮ್ಮನಿ ಮಿಕ್ಸರ್ ಹಿಂಗಾ ಮಾಡ್ತಿತ್ತು."

ಮಾತು ನೂರಕ್ಕೆ ನೂರು ಖರೆ ಎಂದು ಗುರುಸಿದ್ಧನಿಗೂ ಹೊಳೆಯಿತು. ಆದರೆ ಹೊಳೆದದ್ದನ್ನೆಲ್ಲ ಒಪ್ಪಲು ಆಗುತ್ತದೆಯೇ? ಬೆಳಗಿನಿಂದ ಊರಿಗೆಲ್ಲ ಓವರ್‌ಕ್ಲಾಕ್ ಎಂದು ಸಾರಿದವನು ಈಗ ಕಸ ಹೊಡೆದೆ ಎನ್ನಬೇಕೆ? ಕಸ ಹೊಡೆದವನಿಗೆ ಮುಖ್ಯ ಕಚೇರಿಯ ಕುರ್ಚಿ ಯಾರು ಕೊಡುತ್ತಾರೆ?

"ಬಾಯಾರೆ, ಇದು ಮಿಕ್ಸರ್ ಅಲ್ರಿ," ಎಂದು ಗಂಭೀರವಾಗಿ ಹೇಳಿ ಮನೆಗೆ, ಹೆಂಡತಿಗೆ ಫೋನು ಹಚ್ಚಿದ. "ಪ್ರಣಿತಾ, ಯಾದಿ ಆತು! ಕುರ್ಚಿ ನಂದಾ ಅಂತ ತಿಳಕೋ. ಇವತ್ತ ಲೇಖಾಗ ಮಲಗಿಸಬ್ಯಾಡ. ನಾಳಿಂದ ಅಪ್ಪ ದಿನಾ ಸಂಜೀಕ ಬರ್ತಾನ ಅಂತ ಹೇಳು."

"ಖರೇನ?" ಎಂದಳು ಪ್ರಣಿತಾ. ಗುರುಸಿದ್ಧ ಫೋನು ಇಟ್ಟು ಯಾದಿಯ ಹಾಳೆಗಳನ್ನು ಜೋಡಿಸತೊಡಗಿದ.

ಶಾಂತಲಿಂಗಪ್ಪ ಸಾಹೇಬರು ಬಿಳಿ ಸಫಾರಿಯಲ್ಲಿ ಬಂದರು. ಯಾದಿ ತಿರುವಿದರು, ತಾರೀಖು ನೋಡಿದರು.

"ಇದೇನೋ, ನೀ ನೌಕರಿಗಿ ಸೇರೂದ್ಕಿಂತ ಮೊದಲಾ ಛಾಪಿಸಿದಿ?"

"ಓವರ್‌ಕ್ಲಾಕ್ ಮಾಡೀನ್ರಿ ಸಾಹೇಬ್ರ," ಎಂದ ಗುರುಸಿದ್ಧ. ಬೇರೆ ಉತ್ತರ ಹೊಳೆಯಲಿಲ್ಲ. "ಕಂಪನಿಯವರು ಒಳಗ ಹಿಡದಿಟ್ಟ ಜೋರು ಎಲ್ಲಾ ಬಿಚ್ಚೀನಿ. ವೇಗದಾಗ ತಾರೀಖು ಒಂದಿಷ್ಟು ಹಿಂದ ಮುಂದ ಆಗ್ತದರಿ."

"ಎಷ್ಟು ಜೋರು?"

"ಈಗ ಇದು ಎರಡು ಮಷೀನಿನ ಕೆಲಸಾ ಒಂದಾ ಮಾಡ್ತದರಿ."

ಅದೇ ಹೊತ್ತಿಗೆ ಮೈಲಾರಲಿಂಗ ಒಳಗೆ ಬಂದ. ಬೆಳಗಿನಿಂದ ಅವನ ಮನಸ್ಸಿಗೆ ಸಮಾಧಾನವಿರಲಿಲ್ಲ. ದೇವರ ಭಂಡಾರವನ್ನು ಪಂಕ್ಚರ್ ಅಂಗಡಿಯಲ್ಲಿ ಹಾರಿಸಿದ ದೋಷ ಕಳೆಯಲು ಹೊಸ ಭಂಡಾರ ತಂದಿದ್ದ. ಯಾರಾದರೂ ಬೇಡ ಎನ್ನುವ ಮೊದಲೇ "ಚಾಂಗಭಲಾ!" ಎಂದು ಮುಷ್ಟಿ ತುಂಬ ಹಿಂದಿನ ಕಿಂಡಿಗೆ ಬಿಟ್ಟ. ಇಷ್ಟು ವರ್ಷ ನುಂಗಿ ಸುಮ್ಮನಿದ್ದ ಫ್ಯಾನು ಈಗ ಹೊಸ ಉಸಿರಿನಲ್ಲಿತ್ತು. ಬಂದ ಭಂಡಾರವನ್ನು ಅಷ್ಟನ್ನೂ ಹಿಂದಕ್ಕೆ ಊದಿತು. ಹಿಂದೆ ನಿಂತು ತಂತಿಗಳನ್ನು ಬಗ್ಗಿ ನೋಡುತ್ತಿದ್ದವರು ಸಾಹೇಬರು.

ಸಾಹೇಬರ ಸಫಾರಿ, ಮೀಸೆ, ಚಷ್ಮಾ ಎಲ್ಲ ಒಂದೇ ಬಣ್ಣವಾಗಿತ್ತು. ಗುರುಸಿದ್ಧ ಕಣ್ಣು ಮುಚ್ಚಿದ. ಅವನು ಮತ್ತೆ ತೆರೆದಾಗ ಸಾಹೇಬರು ಕೈ ಮುಗಿದು ನಿಂತಿದ್ದರು. ಅವರ ಮನೆದೇವರೂ ಮೈಲಾರನೇ ಎಂಬುದು ಅಂದೇ ಎಲ್ಲರಿಗೂ ಗೊತ್ತಾಯಿತು.

"ಏಳಕೋಟಿಗೋ!" ಎಂದರು ಸಾಹೇಬರು. "ದೇವರಾ ಒಪ್ಪಿದ ಮಷೀನ್ ಇದು. ಗುರುಸಿದ್ಧ, ನಿರ್ಣಯ ಆತು."

ಗುರುಸಿದ್ಧ ಒಂದು ಹೆಜ್ಜೆ ಮುಂದೆ ಬಂದು ನಿಂತ.

"ಮುಖ್ಯ ಕಚೇರ್ಯಾಗ ಕುರ್ಚಿ ಯಾಕ ಖಾಲಿ ಇಟ್ಟಿದ್ವಿ ಹೇಳು? ಅಲ್ಲಿ ಡಬ್ಬಿ ಮುದಿ ಆಗ್ಯಾದ. ಒಬ್ಬನ ಕೆಲಸಕ್ಕ ಇಬ್ಬರು ಬೇಕು. ಅದಕ್ಕ ಇನ್ನೊಬ್ಬನ್ನ ಕೊಡಬೇಕಂತ ಮಾಡಿದ್ವಿ. ಇದು ಎರಡು ಮಷೀನಿನ ಕೆಲಸಾ ಮಾಡ್ತದಂತ ನೀನಾ ಹೇಳ್ದಿ. ಹಂಗಾದ್ರ ಮನಷ್ಯಾ ಯಾಕ ಬೇಕು? ಈ ಮಷೀನ್ ಸೋಲಾಪುರಕ್ಕ ಬರಲಿ. ಕುರ್ಚಿ ಕ್ಯಾನ್ಸಲ್!"

"ಸಾಹೇಬ್ರ, ನಾ..."

"ನೀ ಇಲ್ಲೇ ಬೇಕಪ್ಪಾ. ಅಲ್ಲಿನ ಮುದಿ ಡಬ್ಬಿ ನಿನಗ ಕೊಡ್ತೀನಿ, ಅದನ್ನೂ ಹಿಂಗಾ ಮಾಡು. ಆಮ್ಯಾಲ ಎಲ್ಲಾ ಶಾಖಾದವು ಒಂದೊಂದಾ ಕಳಸ್ತೀನಿ. ಇಂಥಾ ಹುಷಾರ್ ಮನಷ್ಯಾನ್ನ ಅಕ್ಕಲಕೋಟ ಬಿಟ್ಟು ಅಲಗಾಡಸಂಗಿಲ್ಲ."

"ಸಾಹೇಬ್ರ, ಖರೇ ಹೇಳ್ಬೇಕಂದ್ರ ಅದು ಬರೇ ಧೂಳ..."

"ನೋಡ್ರಿ, ವಿನಯ ಎಷ್ಟದ!" ಎಂದು ಸಾಹೇಬರು ಅಂಬಾದಾಸನ ಕಡೆ ತಿರುಗಿದರು. ಅಂಬಾದಾಸ ಜೋರಾಗಿ ತಲೆಯಾಡಿಸಿದ. ಮನೀಷಾ ಬಾಯಿ ಮಾತ್ರ ಗುರುಸಿದ್ಧನನ್ನು ನೋಡಿದರು, ನೋಡಿ ಟೈಪ್ ಮಾಡತೊಡಗಿದರು. ಸಾಹೇಬರ ಗಾಡಿಯಲ್ಲಿ ದಾಳಿಂಬೆಯ ಪೆಟ್ಟಿಗೆಗಳು ತುಂಬಿದ್ದರಿಂದ ಡಬ್ಬಿಯನ್ನು ಗುರುಸಿದ್ಧನೇ ಬಸ್ಸಿನಲ್ಲಿ ತರಬೇಕೆಂದಾಯಿತು.

ಸಂಜೆಯ ಬಸ್ಸಿನಲ್ಲಿ ದರ್ಶನ ಮುಗಿಸಿದವರ ಗರ್ದಿ. ಡಬ್ಬಿಯ ಮೇಲೆ ಇನ್ನೂ ಅಲ್ಲಲ್ಲಿ ಭಂಡಾರ ಅಂಟಿತ್ತು. ಅದನ್ನು ಕಂಡ ಒಬ್ಬಳು ಮುದುಕಿ ಒಳಗೆ ದೇವರಿದ್ದಾನೆಂದು ಸರಿದು ಜಾಗ ಮಾಡಿಕೊಟ್ಟಳು. ಡಬ್ಬಿಗೆ ಕಿಟಕಿಯ ಬದಿಯ ಸೀಟು ಸಿಕ್ಕಿತು. ಗುರುಸಿದ್ಧ ಸೋಲಾಪುರ ಬರುವವರೆಗೂ ಅದರ ಪಕ್ಕದಲ್ಲಿ ಕಂಬ ಹಿಡಿದು ನಿಂತೇ ಬಂದ.

ಮನೆಯಲ್ಲಿ ಶ್ರೀಲೇಖಾ ನಿದ್ದೆ ತಡೆದುಕೊಂಡು ಹೊಸ ಫ್ರಾಕು ಹಾಕಿಕೊಂಡು ಕೂತಿದ್ದಳು. ಗುರುಸಿದ್ಧ ಡಬ್ಬಿ ಕೆಳಗಿಟ್ಟು ಪ್ರಣಿತಾಳಿಗೆ ಇದ್ದದ್ದನ್ನು ಹೇಳಿದ. ಮಗಳು ಎಲ್ಲ ಕೇಳಿ, ಡಬ್ಬಿಯ ಸುತ್ತ ಒಂದು ಸುತ್ತು ಹಾಕಿ ಬಂದಳು.

"ಅಪ್ಪಾ, ಹಂಗಾದ್ರ ನಾಳಿಂದ ಇದಾ ದಿನಾ ಸೋಲಾಪುರದಾಗ ಇರ್ತದೇನು?"

"ಹೂಂ."

"ಮತ್ತ ನೀ ರವಿವಾರಾನ?"

ಗುರುಸಿದ್ಧ ಅವಳನ್ನು ಎತ್ತಿಕೊಂಡ, ಎತ್ತಿಕೊಳ್ಳುತ್ತಿದ್ದ ಹಾಗೆ ಅವಳು ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ಒಂದು ಡಬ್ಬಿ ಕೊಟ್ಟು ಇನ್ನೊಂದು ಡಬ್ಬಿ ಹೊತ್ತು ಅವನು ಅಕ್ಕಲಕೋಟಕ್ಕೆ ಬಂದ. ಮುಖ್ಯ ಕಚೇರಿಯ ಮುದಿ ಡಬ್ಬಿ. ಚಾಲೂ ಮಾಡಿದರೆ ಒಳಗಿನಿಂದ ಗೊರಕೆ ಬಂತು, ಬೇರೇನೂ ಬರಲಿಲ್ಲ. ತಿರುಪು ತೆಗೆದು ಮುಚ್ಚಳ ಸರಿಸಿದ. ಒಳಗೆ ಎಲ್ಲ ಕೆಂಪು. ಸೋಲಾಪುರದವರು ದೀಪಾವಳಿಗೆ ಲಕ್ಷ್ಮೀ ಪೂಜೆ ಮಾಡುವವರು. ಕುಂಕುಮ, ಅಕ್ಷತೆ, ಒಂದು ಒಣಗಿದ ಚೆಂಡುಹೂವು ಫ್ಯಾನಿನ ತುಂಬ ಕೂತಿದ್ದವು.

"ಕಾಮಣ್ಣನ ಕಡೆ ಒಯ್ಯೋಣೇನು?" ಎಂದು ಅಂಬಾದಾಸ ಹುರುಪಿನಿಂದ ಎದ್ದ.

ಇದೂ ಓಡಿದರೆ ಎಲ್ಲ ಶಾಖೆಯ ಡಬ್ಬಿಗಳೂ ಸಾಲುಗಟ್ಟಿ ಬರುತ್ತವೆ, ತಾನು ಅಕ್ಕಲಕೋಟದಲ್ಲೇ ಉಳಿಯಬೇಕಾಗುತ್ತದೆ ಎಂದು ಗುರುಸಿದ್ಧ ಲೆಕ್ಕ ಹಾಕಿದ. ಆಮೇಲೆ ಮುಚ್ಚಳವನ್ನು ಮೆಲ್ಲಗೆ ಮುಚ್ಚಿ, ಒಂದೊಂದೇ ತಿರುಪನ್ನು ಮೊದಲಿಗಿಂತ ಬಿಗಿಯಾಗಿ ಬಿಗಿದ.

"ಮೈಲಾರಲಿಂಗ, ಭಂಡಾರ ಉಳದದೇನು?"

"ಅದರಿ ಸಾಹೇಬ್ರ. ಚೀಲ ತುಂಬ ಅದ."

"ಹಿಂದಿನ ಕಿಂಡ್ಯಾಗ ಎರಡು ಮುಷ್ಟಿ ಬಿಡು."

ಮೈಲಾರಲಿಂಗ ತಬ್ಬಿಬ್ಬಾದ. "ಈಗ್ರೀ? ದಸರಾ ಇನ್ನೂ ದೂರ ಅದಲ್ರಿ?"

"ಇವತ್ತಾ ದಸರಾ ಅಂತ ತಿಳಕೋ," ಎಂದು ಗುರುಸಿದ್ಧ ಡಬ್ಬಿಯನ್ನು ತಿರುಗಿಸಿ ಅದರ ಬೆನ್ನನ್ನು ಅವನ ಮುಂದೆ ಹಿಡಿದ.